ಮೈಸೂರಿನಲ್ಲಿ ಹಳೆ ಬಟ್ಟೆಯ ದಾನದ ಪೆಟ್ಟಿಗೆ ಇಡುವುದು ಹೇಗೆ: ಜಾಗ, ಅನುಮತಿ, ನಿರ್ವಹಣೆ

ರಸ್ತೆ ಬದಿಯಲ್ಲಿ ನಿಂತ ಯಾವುದೇ ವಸ್ತುವನ್ನು ಪಾಲಿಕೆ ನೋಡುವುದು ಮೂರೇ ಕಣ್ಣಿನಿಂದ. ಒಂದೋ ಅದು ಒತ್ತುವರಿ, ಇಲ್ಲವೇ ಜಾಹೀರಾತು, ಅದೂ ಅಲ್ಲದಿದ್ದರೆ ಕಸ. ನೀವು ಒಳ್ಳೆ ಮನಸ್ಸಿನಿಂದ ಇಡುವ ಬಟ್ಟೆ ಪೆಟ್ಟಿಗೆ ಈ ಮೂರೂ ಅಲ್ಲ ಎಂದು ತೋರಿಸಬೇಕು. ಅನುಮತಿ ಕೇಳುವುದು ಎಂದರೆ ಮುಖ್ಯವಾಗಿ ಇಷ್ಟೇ.

ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976ರಲ್ಲಿ ದಾನದ ಪೆಟ್ಟಿಗೆಗೆ ಅಂತಲೇ ಒಂದು ಅಧ್ಯಾಯ ಇಲ್ಲ. ಹಾಗಾಗಿ ಕೌಂಟರಿಗೆ ಹೋಗಿ "ಡೊನೇಷನ್ ಬಾಕ್ಸ್ ಫಾರಂ ಕೊಡಿ" ಎಂದರೆ ಅಲ್ಲಿದ್ದವರು ನಿಮ್ಮ ಮುಖ ನೋಡುತ್ತಾರೆ. ಆದರೆ ನಿಯಮವೇ ಇಲ್ಲ ಎಂದಲ್ಲ. ರಸ್ತೆ ಅಡಚಣೆ, ಜಾಹೀರಾತು, ಕಸ ನಿರ್ವಹಣೆ, ಪಾರ್ಕ್, ಪಾರಂಪರಿಕ ಪ್ರದೇಶ, ಹೀಗೆ ಬೇರೆ ಬೇರೆ ಕಡೆ ಚೆದುರಿದ ನಿಯಮಗಳು ನಿಮ್ಮ ಪೆಟ್ಟಿಗೆಯನ್ನು ಮುಟ್ಟುತ್ತವೆ. ಬಡಾವಣೆಯ ಸಂಘ, ಕಾಲೇಜಿನ ಎನ್‌ಎಸ್‌ಎಸ್ ಘಟಕ, ಸಣ್ಣ ಟ್ರಸ್ಟ್, ಯಾರೇ ಆಗಲಿ, ಅದನ್ನೆಲ್ಲ ಒಂದು ದಾರಿಗೆ ತಂದುಕೊಳ್ಳಲು ಈ ಬರಹ.

ಮೊದಲು: ಪೆಟ್ಟಿಗೆ ನಿಜವಾಗಿ ಬೇಕಾ?

ಬಟ್ಟೆ ಕೊಡುವವರು ಎಲ್ಲ ಕಡೆ ಇದ್ದಾರೆ. ತೆಗೆದುಕೊಳ್ಳುವವರು ಯಾರು ಎಂಬುದು ಮೊದಲ ಪ್ರಶ್ನೆ. 2024ರ ಜುಲೈನಲ್ಲಿ ವಯನಾಡಿನಲ್ಲಿ ಭೂಕುಸಿತ ಆದಾಗ, ಹಳೆ ಬಟ್ಟೆ ಕಳಿಸಬೇಡಿ ಎಂದು ಅಲ್ಲಿಯವರೇ ಕೇಳಿಕೊಳ್ಳಬೇಕಾಯಿತು. ಬೇಕಾದವರಿಗೆ ಬೇಕಾದ್ದು ಹೋಗಲಿಲ್ಲ ಎಂದರೆ ದಾನವೂ ರಾಶಿಯಾಗಿ ಬೀಳುತ್ತದೆ.

ಆದ್ದರಿಂದ ಪೆಟ್ಟಿಗೆ ಮಾಡಿಸುವ ಮುಂಚೆ ಮೂರು ಕಡೆ ಮಾತಾಡಿಕೊಳ್ಳಿ. ಹಾಕಿಕೊಳ್ಳಬಹುದಾದ ಬಟ್ಟೆ ತೆಗೆದುಕೊಳ್ಳುವ ಒಂದು ಆಶ್ರಮ, ಹಾಸ್ಟೆಲ್ ಅಥವಾ ಸಂಸ್ಥೆ. ಹರಿದ ಹತ್ತಿ ಬಟ್ಟೆ ತೆಗೆದುಕೊಳ್ಳುವ ಗ್ಯಾರೇಜ್ ಅಥವಾ ವೇಸ್ಟ್ ಬಟ್ಟೆ ವ್ಯಾಪಾರಿ. ಯಾವುದಕ್ಕೂ ಬಾರದ್ದನ್ನು ಒಣಕಸವಾಗಿ ತೆಗೆದುಕೊಳ್ಳುವ ನಿಮ್ಮ ವಾರ್ಡಿನ ಘಟಕ. ಈ ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಆಮೇಲೆ ಅದು ಪೌರಕಾರ್ಮಿಕರ ತಲೆ ಮೇಲೆ ಬೀಳುತ್ತದೆ. ಅಲ್ಲಿಂದ ಮುಂದೆ ವಿದ್ಯಾರಣ್ಯಪುರದ ಸೀವೇಜ್ ಫಾರ್ಮ್‌ನ ಕಸದ ಗುಡ್ಡದಂಥ ಜಾಗಕ್ಕೆ.

ಇನ್ನೊಂದು ವಿಷಯ. 2023ರ ಮೇ–ಜೂನ್‌ನಲ್ಲಿ ಕೇಂದ್ರ ಸರ್ಕಾರದ ಸ್ವಚ್ಛತಾ ಅಭಿಯಾನದ ಭಾಗವಾಗಿ ದೇಶದ ನಗರಗಳಲ್ಲಿ 'ಆರ್‌ಆರ್‌ಆರ್ ಕೇಂದ್ರ'ಗಳು (ರೆಡ್ಯೂಸ್, ರೀಯೂಸ್, ರೀಸೈಕಲ್) ಶುರುವಾದವು. ಬಟ್ಟೆ, ಚಪ್ಪಲಿ, ಪುಸ್ತಕ, ಆಟಿಕೆ ತಂದುಕೊಟ್ಟರೆ ಮರುಬಳಕೆಗೆ ಕಳಿಸುವ ಕೇಂದ್ರಗಳು ಇವು. ನಿಮ್ಮ ವಲಯದಲ್ಲಿ ಅಂಥದ್ದು ಈಗಲೂ ನಡೆಯುತ್ತಿದೆಯೇ ಎಂದು ಆರೋಗ್ಯ ನಿರೀಕ್ಷಕರನ್ನು ಕೇಳಿ. ನಡೆಯುತ್ತಿದ್ದರೆ ಹೊಸ ಪೆಟ್ಟಿಗೆ ಇಡುವುದಕ್ಕಿಂತ ಅದಕ್ಕೆ ಕೈ ಜೋಡಿಸುವುದು ಸುಲಭ. ಪೆಟ್ಟಿಗೆಯ ಮೇಲೆ ನಿಮ್ಮ ಸಂಘದ ಹೆಸರು ಇರುವುದಿಲ್ಲ, ಅಷ್ಟೇ.

ಜಾಗ ಯಾರದು? ಇದು ಗೊತ್ತಾಗದೆ ಮುಂದೆ ಹೋಗಬೇಡಿ

ಮೈಸೂರು ಅಂತ ನಾವು ಕರೆಯುವ ಊರೆಲ್ಲ ಪಾಲಿಕೆಯದಲ್ಲ. 65 ವಾರ್ಡ್, 9 ವಲಯ ಕಚೇರಿಗಳಿದ್ದ ಪಾಲಿಕೆಯ ಗಡಿಯ ಆಚೆ ಹೂಟಗಳ್ಳಿಗೆ ನಗರಸಭೆ ಬಂತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಕ್ಕೆ ಪಟ್ಟಣ ಪಂಚಾಯಿತಿಗಳು ಬಂದವು. ನಗರಸಭೆ, ಪಟ್ಟಣ ಪಂಚಾಯಿತಿಗಳಿಗೆ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ. ಗ್ರಾಮ ಪಂಚಾಯಿತಿಗೆ 1993ರ ಪಂಚಾಯತ್ ರಾಜ್ ಕಾಯ್ದೆ. ಅರ್ಜಿ ಪಾಲಿಕೆಯಲ್ಲಿ ವಲಯ ಆಯುಕ್ತರಿಗೆ, ನಗರಸಭೆಯಲ್ಲಿ ಪೌರಾಯುಕ್ತರಿಗೆ, ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿಗೆ, ಹಳ್ಳಿಯಲ್ಲಿ ಪಿಡಿಒಗೆ. ಮಂಡ್ಯ ನಗರದವರು ಇದನ್ನು ಓದುತ್ತಿದ್ದರೆ ನಿಮ್ಮದೂ ನಗರಸಭೆಯ ದಾರಿ. ಗಡಿಗಳು ಬದಲಾಗುತ್ತಲೇ ಇರುತ್ತವೆ. ಹಾಗಾಗಿ ನಿಮ್ಮ ಮನೆಯ ಈ ವರ್ಷದ ಕಂದಾಯ ರಸೀದಿ ತೆಗೆದು ನೋಡಿ. ಯಾರ ಹೆಸರಲ್ಲಿ ರಸೀದಿ ಬಂದಿದೆಯೋ ನಿಮ್ಮ ಬಡಾವಣೆ ಅವರದು.

ಗಡಿ ಗೊತ್ತಾದ ಮೇಲೆ ನೆಲ ಯಾರದು ಎಂದು ನೋಡಬೇಕು. ಬಸ್ ನಿಲ್ದಾಣದ ಒಳಗಾದರೆ ಕೆಎಸ್‌ಆರ್‌ಟಿಸಿ ವಿಭಾಗೀಯ ನಿಯಂತ್ರಣಾಧಿಕಾರಿ. ರೈಲು ನಿಲ್ದಾಣವಾದರೆ ರೈಲ್ವೆ ವಿಭಾಗೀಯ ಕಚೇರಿ. ಕುಕ್ಕರಹಳ್ಳಿ ಕೆರೆ ಏರಿಯ ಬಳಿ ಬೆಳಗ್ಗೆ ನಡೆಯುವವರು ತುಂಬಾ ಜನ, ಅಲ್ಲಿ ಇಡೋಣ ಎಂದರೆ ಅದು ಮೈಸೂರು ವಿಶ್ವವಿದ್ಯಾನಿಲಯದ ಆಸ್ತಿ. ಕಾರಂಜಿ ಕೆರೆ ಮೃಗಾಲಯದವರ ಕೈಯಲ್ಲಿದೆ. ಸಿಎ ನಿವೇಶನ, ಅಂದರೆ ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ನಿವೇಶನವಾದರೆ ಅಭಿವೃದ್ಧಿ ಪ್ರಾಧಿಕಾರ ಅದನ್ನು ಯಾವ ಉದ್ದೇಶಕ್ಕೆ ಕೊಟ್ಟಿದೆ ಎಂದು ಕರಾರು ಪತ್ರ ನೋಡಬೇಕು. ಪಾರ್ಕ್ ಅಂತೂ ಬೇಡ. 1985ರ ಪಾರ್ಕ್, ಆಟದ ಮೈದಾನ ಕಾಯ್ದೆ ಅಲ್ಲಿ ಬೇರೆ ಬಳಕೆಗೆ ಜಾಗ ಕೊಡುವುದನ್ನು ಬಿಗಿ ಮಾಡಿದೆ. ಯಾರಾದರೂ ಒಬ್ಬರು ತಕರಾರು ಮಾಡಿದರೆ ನಿಮ್ಮ ಪರವಾಗಿ ಯಾವ ಅಧಿಕಾರಿಯೂ ನಿಲ್ಲುವುದಿಲ್ಲ.

ಹಾಗಾದರೆ ಒಳ್ಳೆ ಜಾಗ ಯಾವುದು? ಖಾಸಗಿ ನೆಲ. ಅಂಗಡಿಯ ಮುಂದಿನ ಸ್ವಂತ ಜಾಗ, ಕಲ್ಯಾಣ ಮಂಟಪದ ಗೇಟಿನ ಒಳಗೆ, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಕೋಣೆ ಪಕ್ಕ, ಶಾಲೆಯ ಆವರಣ. ಯಾರಾದರೂ ಕಣ್ಣಿಟ್ಟಿರುವ, ರಾತ್ರಿ ಗೇಟು ಬೀಳುವ ಜಾಗ ಸಿಕ್ಕರೆ ಅರ್ಧ ತಲೆನೋವು ಅಲ್ಲೇ ಮುಗಿಯಿತು. ಮಾಲೀಕರ ಒಪ್ಪಿಗೆ ಬಾಯಿ ಮಾತಲ್ಲಿ ಬೇಡ. ಇ–ಸ್ಟ್ಯಾಂಪ್ ಕಾಗದದ ಮೇಲೆ ಒಂದು ಪುಟ ಬರೆಸಿ. ಇದು ಬಾಡಿಗೆಯಲ್ಲ, ಜಾಗದ ಮೇಲೆ ನಮಗೆ ಹಕ್ಕಿಲ್ಲ, ನೀವು ಹೇಳಿದರೆ 15 ದಿನದಲ್ಲಿ ತೆಗೆಯುತ್ತೇವೆ ಎಂದು ಸ್ಪಷ್ಟವಾಗಿ ಇರಲಿ. ಈ ಮೂರು ಸಾಲು ಓದಿದ ಮೇಲೆಯೇ ಬಹಳ ಮಾಲೀಕರು ಸಹಿ ಹಾಕುವುದು.

ಫುಟ್‌ಪಾತ್ ಮೇಲೆ ಯಾಕೆ ಬೇಡ

"ಎಲ್ಲರಿಗೂ ಕಾಣುವ ಹಾಗೆ ಸರ್ಕಲ್‌ನಲ್ಲಿ ಇಡೋಣ" ಎಂದು ಸಭೆಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಅವರಿಗೆ ಹೇಳಲು ನಾಲ್ಕು ಕಾರಣಗಳಿವೆ.

2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಸಾರ್ವಜನಿಕ ರಸ್ತೆ, ಫುಟ್‌ಪಾತ್, ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆಯಾಗಲಿ, ಬೇರೆ ಕಟ್ಟಡವಾಗಲಿ ನಿಲ್ಲಿಸಲು ರಾಜ್ಯಗಳು ಅನುಮತಿ ಕೊಡಬಾರದು ಎಂದಿತು. ಬೀದಿದೀಪ, ಸಂಚಾರ ವ್ಯವಸ್ಥೆ, ಸಾರ್ವಜನಿಕ ಸೌಲಭ್ಯಗಳಿಗೆ ವಿನಾಯಿತಿ ಇದೆ. ಬಟ್ಟೆ ಪೆಟ್ಟಿಗೆ ಸಾರ್ವಜನಿಕ ಸೌಲಭ್ಯವೇ ಎಂದು ವಾದ ಮಾಡಬಹುದು. ಆದರೆ ಆ ವಾದ ಮಾಡುವುದಕ್ಕೆ ಹೈಕೋರ್ಟ್ ಮೆಟ್ಟಿಲು ಹತ್ತುವ ಆಸೆ ಯಾರಿಗಿದೆ?

ಎರಡನೆಯದು, ಪೌರ ನಿಗಮಗಳ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಅಡಚಣೆ ಮಾಡುವ ವಸ್ತುವನ್ನು ನೋಟಿಸ್ ಕೊಡದೆಯೂ ತೆಗೆಸುವ ಅಧಿಕಾರ ಆಯುಕ್ತರಿಗಿದೆ. ಬೆಳಗ್ಗೆ ಟ್ರ್ಯಾಕ್ಟರ್ ಬಂದು ಪೆಟ್ಟಿಗೆ ಹೊತ್ತುಕೊಂಡು ಹೋದರೆ ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಮೂರನೆಯದು, ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿ ಪಾದಚಾರಿಗಳಿಗೆ ಕನಿಷ್ಠ 1.8 ಮೀಟರ್ ಖಾಲಿ ಅಗಲ ಕೇಳುತ್ತದೆ. ನಮ್ಮೂರಲ್ಲಿ ಎಷ್ಟು ಫುಟ್‌ಪಾತ್‌ಗಳಲ್ಲಿ ಅಷ್ಟು ಜಾಗ ಇದೆ ಎಂದು ನಡೆಯುವವರಿಗೆ ಗೊತ್ತು. ಗಾಲಿಕುರ್ಚಿಯವರಿಗೆ ಇನ್ನೂ ಚೆನ್ನಾಗಿ ಗೊತ್ತು. ನಾಲ್ಕನೆಯದು, ಅರಮನೆ, ದೇವರಾಜ ಮಾರುಕಟ್ಟೆ ಸುತ್ತಮುತ್ತ ಪಾರಂಪರಿಕ ಪ್ರದೇಶ. ಅಲ್ಲಿ ಏನೇ ನಿಲ್ಲಿಸಿದರೂ ಹೊಸದೊಂದು ಫೈಲು ತೆರೆಯುತ್ತದೆ.

ನಿಮ್ಮ ಕಾಗದಪತ್ರ

ಪೆಟ್ಟಿಗೆಯ ಹಿಂದೆ ಹೆಸರು ಇರುವ ಒಂದು ಸಂಸ್ಥೆ ಇರಲೇಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘ, ನೋಂದಾಯಿತ ಟ್ರಸ್ಟ್, ಅಥವಾ ಲಾಭದ ಉದ್ದೇಶವಿಲ್ಲದ ಕಂಪನಿ, ಯಾವುದಾದರೂ ಸರಿ. ನೋಂದಣಿ ಪತ್ರ, ಪ್ಯಾನ್, ಬೈಲಾ, ಪೆಟ್ಟಿಗೆ ಇಡಲು ಕಾರ್ಯಕಾರಿ ಸಮಿತಿ ಮಾಡಿದ ಠರಾವಿನ ಪ್ರತಿ, ಹೊಣೆ ಹೊತ್ತ ಇಬ್ಬರ ಗುರುತಿನ ಚೀಟಿ ಸಾಕು. ಸಂಘ ನೋಂದಣಿ ಆಗಿಲ್ಲ ಎಂದರೆ ಆಗಿರುವ ಒಂದು ಸಂಸ್ಥೆಯ ಹೆಸರಲ್ಲಿ ಮಾಡಿ.

ತೆರಿಗೆ ವಿನಾಯಿತಿ ಬಗ್ಗೆ ಜನರಿಗೆ ತಪ್ಪು ಆಸೆ ಹುಟ್ಟಿಸಬೇಡಿ. 80ಜಿ ಎಂದು ಎಲ್ಲರೂ ಕರೆಯುವ ವಿನಾಯಿತಿ ಹಣದ ದಾನಕ್ಕೆ ಮಾತ್ರ. ಅದರಲ್ಲೂ ನಗದು 2,000 ರೂಪಾಯಿ ದಾಟಿದರೆ ಇಲ್ಲ. ಬಟ್ಟೆ, ಪಾತ್ರೆ, ಪುಸ್ತಕಕ್ಕೆ ಅದು ಸಿಗುವುದಿಲ್ಲ. ಹಾಗೇ, ಪೆಟ್ಟಿಗೆಯಲ್ಲಿ ದುಡ್ಡು ಹಾಕಲು ಸಣ್ಣ ಕಂಡಿ ಇಡೋಣ ಎಂಬ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ದುಡ್ಡು ಬಿತ್ತು ಎಂದರೆ ಬೀಗ ಒಡೆಯುವವರು ಬರುತ್ತಾರೆ. ಕೊಟ್ಟವರ ಹೆಸರಿಲ್ಲದ ಹಣಕ್ಕೆ ಆದಾಯ ತೆರಿಗೆಯ ಲೆಕ್ಕವೂ ಬೇರೆ.

ಪೆಟ್ಟಿಗೆ ಹೇಗಿರಬೇಕು

ಹೆಬ್ಬಾಳು, ಮೇಟಗಳ್ಳಿ ಕೈಗಾರಿಕಾ ಪ್ರದೇಶದ ಕಡೆ ಶೀಟ್ ಮೆಟಲ್ ಕೆಲಸದವರು ಬೇಕಾದ ಅಳತೆಗೆ ಮಾಡಿಕೊಡುತ್ತಾರೆ. 3 ಅಡಿ ಅಗಲ, 3 ಅಡಿ ಆಳ, 5 ಅಡಿ ಎತ್ತರ ಎಂದರೆ 45 ಘನ ಅಡಿ. ಅದಕ್ಕಿಂತ ದೊಡ್ಡದು ಬೇಡ. ದೊಡ್ಡದಾದಷ್ಟೂ ಖಾಲಿ ಮಾಡುವ ಕೆಲಸ ಮುಂದಕ್ಕೆ ಹೋಗುತ್ತದೆ. ತಳದಲ್ಲಿ ಬಿದ್ದದ್ದು ಮುಗ್ಗಲು ಹಿಡಿಯುತ್ತದೆ.

ಜಿಐ ಶೀಟ್, ಇಳಿಜಾರು ತಾರಸಿ, ನೆಲದಿಂದ ಅರ್ಧ ಅಡಿ ಮೇಲೆ ನಿಲ್ಲುವ ಕಾಲು. ಮೈಸೂರಲ್ಲಿ ಜೂನ್–ಜುಲೈನ ಜಡಿಮಳೆಗಿಂತ ಸೆಪ್ಟೆಂಬರ್–ಅಕ್ಟೋಬರ್‌ನ ಸಂಜೆ ಮಳೆ ಜೋರು. ಒಂದೇ ಗಂಟೆಯಲ್ಲಿ ಚರಂಡಿ ಉಕ್ಕಿ ನೀರು ಗೇಟಿನೊಳಗೆ ಬರುತ್ತದೆ. ಕಾಲು ಇಲ್ಲದ ಪೆಟ್ಟಿಗೆಯ ಬಟ್ಟೆ ಅಂದಿಗೇ ಮುಗಿಯಿತು. ಬಾಗಿಲು ಒಂದೇ ಇರಲಿ, ಒಳಬೀಗ ಇರಲಿ. ತೂತುಗಳಿಗೆ ಜಾಲರಿ ಹಾಕಿಸಿ, ಇಲಿ ಒಳಗೆ ಹೋದರೆ ಗೂಡು ಕಟ್ಟುತ್ತದೆ. ನೆಲಕ್ಕೆ ಕಾಂಕ್ರೀಟ್ ಹಾಕಿ ಕೂರಿಸಬೇಡಿ. ನಾಲ್ಕು ಬೋಲ್ಟ್ ಬಿಚ್ಚಿದರೆ ಎತ್ತಿಕೊಂಡು ಹೋಗುವ ಹಾಗಿರಬೇಕು. ಕಟ್ಟಡವಲ್ಲ, ಸಾಗಿಸಬಹುದಾದ ವಸ್ತು ಎಂದು ಅರ್ಜಿಯಲ್ಲಿ ಬರೆಯಲು ಇದು ಬೇಕು.

ಬಟ್ಟೆ ಹಾಕುವ ಕಂಡಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಳ್ಳರಿಗೆ ಹೆದರಿ ಒಳಕ್ಕೆ ಮಾತ್ರ ಮಡಚಿಕೊಳ್ಳುವ ಭಾರಿ ಕಬ್ಬಿಣದ ಬಾಗಿಲು ಇಟ್ಟಿದ್ದ ಕೆನಡಾದ ಪೆಟ್ಟಿಗೆಗಳಲ್ಲಿ ಮನುಷ್ಯರು ಸಿಕ್ಕಿಕೊಂಡು ಸತ್ತಿದ್ದಾರೆ. ಚಳಿಗೆ ಆಸರೆ ಹುಡುಕಿಯೋ, ಬಟ್ಟೆ ತೆಗೆಯಲು ಹೋಗಿಯೋ ಒಳಗೆ ತೂರಿದವರು. 2018ರ ಕೊನೆಯಲ್ಲಿ ವೆಸ್ಟ್ ವ್ಯಾಂಕೂವರ್‌ನಲ್ಲಿ ಅಂಥ ಸಾವು ಆದ ಮೇಲೆ ಅಲ್ಲಿನ ಸ್ಥಳೀಯ ಆಡಳಿತ ಪೆಟ್ಟಿಗೆಗಳನ್ನು ಮುಚ್ಚಿಸಿತು. ನಮ್ಮಲ್ಲಿ ಚಳಿ ಅಷ್ಟಿಲ್ಲ, ನಿಜ. ಆದರೆ ಚಿಂದಿ ಆಯುವ ಮಕ್ಕಳಿದ್ದಾರೆ, ಚೆಂಡು ಬಿತ್ತೆಂದು ಕೈ ಹಾಕುವ ಮಕ್ಕಳೂ ಇದ್ದಾರೆ. ಕಂಡಿ 4 ಅಡಿ ಎತ್ತರದಲ್ಲಿರಲಿ. ಮಡಚಿದ ಸೀರೆ, ಪ್ಯಾಂಟು ಹೋಗುವಷ್ಟು ಅಗಲ ಸಾಕು, ಮಗುವಿನ ತಲೆ ಹೋಗಬಾರದು. ಅಂಚಿಗೆ ರಬ್ಬರ್ ಪಟ್ಟಿ ಹಾಕಿಸಿ. ಒಳಕ್ಕೆ ಹೋದ ಕೈ ಸಲೀಸಾಗಿ ಹೊರಗೆ ಬರುತ್ತದೆಯೇ ಎಂದು ಇಡುವ ಮುಂಚೆ ನೀವೇ ಹಾಕಿ ನೋಡಿ.

ಬೋರ್ಡ್ ಮೇಲೆ ಏನು ಬರೆಯಬೇಕು

ಕನ್ನಡ ದೊಡ್ಡದಾಗಿ, ಮೇಲೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಲ್ಲಿ ಅಂಗಡಿ, ಆಸ್ಪತ್ರೆಗಳ ಜೊತೆ ಟ್ರಸ್ಟ್‌ಗಳ ನಾಮಫಲಕಕ್ಕೂ ಶೇ 60 ಕನ್ನಡ, ಅದೂ ಮೇಲ್ಭಾಗದಲ್ಲಿ ಎಂಬ ನಿಯಮ ಇದೆ. ಪೆಟ್ಟಿಗೆ ನಾಮಫಲಕವೇ ಅಲ್ಲವೇ ಎಂಬ ಚರ್ಚೆ ಬೇಡ, ಪಾಲಿಸಿಬಿಡಿ.

ಪ್ರಾಯೋಜಕರ ಲೋಗೊ ವಿಷಯದಲ್ಲಿ ಹುಷಾರಾಗಿರಿ. ಪೆಟ್ಟಿಗೆ ಖರ್ಚು ಕೊಟ್ಟ ಜವಳಿ ಅಂಗಡಿಯವರು ನಾಲ್ಕೂ ಬದಿಗೆ ಅವರ ಹೆಸರು ಹಾಕಿ ಎನ್ನುತ್ತಾರೆ. ಹಾಕಿದ ಕೂಡಲೇ ಅದು ಜಾಹೀರಾತು ಆಗುತ್ತದೆ. ಜಾಹೀರಾತು ಪ್ರದರ್ಶನಕ್ಕೆ ಆಯುಕ್ತರ ಲಿಖಿತ ಅನುಮತಿ ಬೇಕು, 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯೂ ಎದುರಾಗುತ್ತದೆ. ಅಂಗಡಿಯವರಿಗೆ ನಿಮ್ಮ ವಾರ್ಷಿಕ ವರದಿಯಲ್ಲಿ ಒಂದು ಪುಟ ಕೊಡಿ, ಪೆಟ್ಟಿಗೆ ಮೇಲೆ ಬೇಡ.

ಬರಹ ಹೀಗಿದ್ದರೆ ಸಾಕು:

"ಒಗೆದು, ಒಣಗಿಸಿ, ಮಡಚಿದ ಬಟ್ಟೆ ಮಾತ್ರ ಹಾಕಿ. ಒಳಉಡುಪು, ಹಾಸಿಗೆ, ದಿಂಬು, ಊಟ, ಔಷಧಿ, ಗಾಜು, ಕರೆಂಟ್ ಸಾಮಾನು ಬೇಡ. ಪೆಟ್ಟಿಗೆ ತುಂಬಿದ್ದರೆ ಹೊರಗೆ ಇಡಬೇಡಿ, ದಯವಿಟ್ಟು ಫೋನ್ ಮಾಡಿ. ನಡೆಸುವವರು: (ಸಂಸ್ಥೆ ಹೆಸರು, ನೋಂದಣಿ ಸಂಖ್ಯೆ). ಇಲ್ಲಿ ಬಂದ ಬಟ್ಟೆ ಹೋಗುವುದು: (ಎಲ್ಲಿಗೆ). ಕಳೆದ ಬಾರಿ ಖಾಲಿ ಮಾಡಿದ್ದು: (ದಿನಾಂಕ). ಫೋನ್: (ಸಂಖ್ಯೆ)."

ಕೊನೆಯ ದಿನಾಂಕದ ಸಾಲನ್ನು ಯಾರೂ ಹಾಕುವುದಿಲ್ಲ. ನೀವು ಹಾಕಿ. ಕಪ್ಪು ಹಲಗೆಯ ಬಣ್ಣ ಬಳಿದು ಸೀಮೆಸುಣ್ಣದಲ್ಲಿ ಬರೆದರೂ ಆಯಿತು. ಬಟ್ಟೆ ಹಾಕಲು ಬಂದವರು ಆ ದಿನಾಂಕ ನೋಡಿಯೇ ನಂಬುವುದೋ ಬಿಡುವುದೋ ನಿರ್ಧಾರ ಮಾಡುತ್ತಾರೆ. ಊಟ ಬೇಡ ಎನ್ನುವುದಕ್ಕೂ ಕಾರಣ ಇದೆ. ಉಳಿದ ಆಹಾರ ಸಂಗ್ರಹಿಸಿ ಹಂಚುವುದಕ್ಕೆ 2019ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಬೇರೆಯದೇ ನಿಯಮ ಮಾಡಿದೆ. ಅದು ಬೇರೆ ದಾರಿ, ಬೇರೆ ಹೊಣೆ.

ಬಂದ ಬಟ್ಟೆಯಲ್ಲಿ ಒಂದಷ್ಟನ್ನು ಮಾರಿ ಖರ್ಚು ತೂಗಿಸುವ ಯೋಚನೆ ಇದ್ದರೆ ಅದನ್ನೂ ಬರೆಯಿರಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೆಟ್ಟಿಗೆ ಲಾಭದ ಕಂಪನಿಯದೋ ಸೇವಾ ಸಂಸ್ಥೆಯದೋ ಎಂದು ಪೆಟ್ಟಿಗೆ ಮೇಲೇ ಹೇಳಬೇಕೆಂದು ಕಾನೂನಿದೆ. ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಕಾಯುವುದು ಯಾಕೆ? ಮಾರುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು.

ಅರ್ಜಿ

ಖಾಸಗಿ ಜಾಗದಲ್ಲಿ ಇಡುವಾಗ ಅರ್ಜಿ ಯಾಕೆ ಎಂದು ಕೇಳಬಹುದು. ಕಟ್ಟಡವೂ ಅಲ್ಲ, ಜಾಹೀರಾತೂ ಇಲ್ಲ ಎಂದರೆ ಕೇಳುವವರು ಇಲ್ಲದಿರಬಹುದು. ಆದರೆ ಪಕ್ಕದ ಮನೆಯವರು ದೂರು ಕೊಟ್ಟ ದಿನ ಆರೋಗ್ಯ ನಿರೀಕ್ಷಕರು ಬರುತ್ತಾರೆ. ಆ ದಿನ ನಿಮ್ಮ ಪೆಟ್ಟಿಗೆ ಅವರಿಗೆ ಹೊಸ ವಿಷಯ ಆಗಬಾರದು. ಹಾಗಾಗಿ ಮೊದಲೇ ಒಂದು ಪತ್ರ ಕೊಟ್ಟು ಬನ್ನಿ.

ಪತ್ರದ ಮುಖ್ಯ ಭಾಗ ಹೀಗಿರಲಿ:

"ವಿಷಯ: ____ ಬಡಾವಣೆ, ____ ಆವರಣದಲ್ಲಿ ಬಳಸಿದ ಬಟ್ಟೆ ಸಂಗ್ರಹ ಪೆಟ್ಟಿಗೆ ಇಡಲು ಅನುಮತಿ / ನಿರಾಕ್ಷೇಪಣೆ ಕೋರಿ.

ಮಾನ್ಯರೇ, ನಮ್ಮ ಸಂಘ ಮೇಲ್ಕಂಡ ಖಾಸಗಿ ಆವರಣದಲ್ಲಿ, ಮಾಲೀಕರ ಲಿಖಿತ ಒಪ್ಪಿಗೆಯೊಂದಿಗೆ, 3×3×5 ಅಡಿ ಅಳತೆಯ, ಸಾಗಿಸಬಹುದಾದ ಒಂದು ಪೆಟ್ಟಿಗೆ ಇಡಲು ಬಯಸಿದೆ. ಪೆಟ್ಟಿಗೆ ರಸ್ತೆ, ಫುಟ್‌ಪಾತ್ ಅಥವಾ ಚರಂಡಿಯ ಮೇಲೆ ಬರುವುದಿಲ್ಲ. ಅದರ ಮೇಲೆ ವಾಣಿಜ್ಯ ಜಾಹೀರಾತು ಇರುವುದಿಲ್ಲ. ವಾರಕ್ಕೆ ಎರಡು ಸಲ ಖಾಲಿ ಮಾಡುತ್ತೇವೆ. ಸುತ್ತ 10 ಅಡಿ ಜಾಗದ ಶುಚಿತ್ವ ನಮ್ಮ ಹೊಣೆ. ಬಳಸಲಾಗದ ಬಟ್ಟೆಯನ್ನು ಒಣಕಸವಾಗಿ ವಿಂಗಡಿಸಿ ಕೊಡುತ್ತೇವೆ. ದೂರು ಬಂದರೆ 24 ಗಂಟೆಯೊಳಗೆ ಸರಿಪಡಿಸುತ್ತೇವೆ. ಪಾಲಿಕೆ ಸೂಚಿಸಿದರೆ ಸ್ವಂತ ಖರ್ಚಿನಲ್ಲಿ ತೆರವು ಮಾಡುತ್ತೇವೆ."

ಒತ್ತುವರಿ, ಜಾಹೀರಾತು, ಕಸ: ಮೂರಕ್ಕೂ ಇಲ್ಲಿ ಒಂದೊಂದು ಉತ್ತರ ಇದೆ. ಜೊತೆಗೆ ಜಾಗದ ಕೈನಕ್ಷೆ, ಎರಡು ಫೋಟೊ, ಪೆಟ್ಟಿಗೆಯ ಚಿತ್ರ, ಬಟ್ಟೆ ತೆಗೆದುಕೊಳ್ಳುವ ಸಂಸ್ಥೆಯ ಒಪ್ಪಿಗೆ ಪತ್ರ ಲಗತ್ತಿಸಿ. ಮೂರು ಪ್ರತಿ ಮಾಡಿ. ಒಂದು ಟಪಾಲು ವಿಭಾಗಕ್ಕೆ, ಒಂದು ಆರೋಗ್ಯ ವಿಭಾಗದ ಪರಿಸರ ಎಂಜಿನಿಯರ್‌ಗೆ, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿ ನಿಮ್ಮ ಬಳಿ. ಮೊಹರು ಇಲ್ಲದೆ ಬರಬೇಡಿ.

ಮೈಸೂರಿನ ಚುನಾಯಿತ ಕೌನ್ಸಿಲ್‌ನ ಅವಧಿ 2023ರ ನವೆಂಬರ್‌ನಲ್ಲಿ ಮುಗಿದು ಆಡಳಿತಾಧಿಕಾರಿಯ ಕಾಲ ಬಂತು. ಕಾರ್ಪೊರೇಟರ್ ಮನೆ ಬಾಗಿಲಲ್ಲಿ ಆಗುತ್ತಿದ್ದ ಮಾತು ಆಗ ಕಚೇರಿಗೆ ಹೋಯಿತು. ಆರೋಗ್ಯ ನಿರೀಕ್ಷಕರನ್ನು ಒಮ್ಮೆ ಜಾಗಕ್ಕೇ ಕರೆತಂದು ತೋರಿಸುವುದು ಹತ್ತು ಪತ್ರಕ್ಕೆ ಸಮ. ಬಿಡುವು ಸಿಗುವುದು ಬೆಳಗಿನ ಹಾಜರಾತಿ ಮುಗಿದ ಮೇಲೆ. ಬಾಯಿ ಮಾತಿನಲ್ಲಿ "ಆಯ್ತು ಇಡಿ" ಎಂದರೆ ನಗುತ್ತಾ ವಂದನೆ ಹೇಳಿ, "ಒಂದು ಹಿಂಬರಹ ಕೊಟ್ಟುಬಿಡಿ ಸಾರ್" ಎನ್ನಿ. ಅಧಿಕಾರಿ ವರ್ಗವಾದ ಮೇಲೆ ಉಳಿಯುವುದು ಆ ಕಾಗದ ಮಾತ್ರ. ತಿಂಗಳಾದರೂ ಉತ್ತರ ಇಲ್ಲ ಎಂದರೆ ನೆನಪೋಲೆ ಕೊಡಿ. ಅದಕ್ಕೂ ಇಲ್ಲವೆಂದರೆ 10 ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ಅರ್ಜಿ ಯಾವ ಹಂತದಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ಪೊಲೀಸ್ ಠಾಣೆ ಮತ್ತು ದಸರಾ

ಬೀಗ ಹಾಕಿದ, ಒಳಗೇನಿದೆ ಗೊತ್ತಿಲ್ಲದ ಪೆಟ್ಟಿಗೆ ಎಂದರೆ ಪೊಲೀಸರ ಯೋಚನೆ ಬೇರೆ. ಸುಮ್ನೆ ಅಲ್ಲ. 2016ರ ಆಗಸ್ಟ್ 1ರಂದು ಮೈಸೂರಿನ ನ್ಯಾಯಾಲಯ ಆವರಣದ ಶೌಚಾಲಯದಲ್ಲಿ ಸ್ಫೋಟ ಆಗಿದ್ದು ಅವರಿಗೆ ನೆನಪಿದೆ. ನಿಮ್ಮ ಠಾಣೆಗೆ ಪತ್ರದ ಒಂದು ಪ್ರತಿ, ಬೀಗದ ಕೈ ಇರುವವರ ಫೋನ್ ನಂಬರು ಕೊಟ್ಟಿಡಿ. ದಸರಾ ಸಮಯದಲ್ಲಿ ಅರಮನೆಯಿಂದ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪದವರೆಗಿನ ಜಂಬೂಸವಾರಿ ದಾರಿಯ ಆಸುಪಾಸಿನಲ್ಲಿ ಪೆಟ್ಟಿಗೆ ಇದ್ದರೆ, ಅವರು ಹೇಳುವವರೆಗೆ ಕಾಯದೆ ಖಾಲಿ ಮಾಡಿ ಒಳಗಿಡಿ.

ಖಾಲಿ ಮಾಡುವುದು: ನಿಜವಾದ ಕೆಲಸ

ಪೆಟ್ಟಿಗೆ ಹಾಳಾಗುವ ರೀತಿ ಎಲ್ಲ ಕಡೆ ಒಂದೇ. ಒಂದು ದಿನ ತುಂಬುತ್ತದೆ. ಯಾರೋ ಒಬ್ಬರು ಚೀಲವನ್ನು ಕೆಳಗೆ ಇಟ್ಟು ಹೋಗುತ್ತಾರೆ. ರಾತ್ರಿ ನಾಯಿ ಎಳೆದಾಡುತ್ತದೆ. ಬೆಳಗ್ಗೆ ಯಾರೋ ಬೇಕಾದ್ದು ಆರಿಸಿಕೊಂಡು ಉಳಿದದ್ದು ಹರಡುತ್ತಾರೆ. ಮರುದಿನ ಅದರ ಪಕ್ಕ ಒಂದು ಹಸಿಕಸದ ಕವರು ಬೀಳುತ್ತದೆ. ಅಲ್ಲಿಗೆ ಅದು ಬ್ಲಾಕ್ ಸ್ಪಾಟ್, ಅಂದರೆ ಎಲ್ಲರೂ ಕಸ ಸುರಿಯುವ ಜಾಗ. 2015 ಮತ್ತು 2016ರ ಸ್ವಚ್ಛತಾ ಸಮೀಕ್ಷೆಗಳಲ್ಲಿ ದೇಶಕ್ಕೇ ಮೊದಲು ಬಂದ ಊರು ಇದು. ಆ ಹೆಸರು ಉಳಿಸಿಕೊಳ್ಳುವ ಒತ್ತಡ ಅಧಿಕಾರಿಗಳ ಮೇಲೆ ಈಗಲೂ ಇದೆ. ನಿಮ್ಮ ಪೆಟ್ಟಿಗೆ ಬ್ಲಾಕ್ ಸ್ಪಾಟ್ ಆದ ದಿನ ಅನುಮತಿ ಪತ್ರ ಕೆಲಸಕ್ಕೆ ಬರುವುದಿಲ್ಲ.

ಆದ್ದರಿಂದ ತುಂಬಿದ ಮೇಲೆ ಖಾಲಿ ಮಾಡುವುದಲ್ಲ, ವಾರ ನೋಡಿ ಖಾಲಿ ಮಾಡಬೇಕು. ಬುಧವಾರ ಮತ್ತು ಭಾನುವಾರ ಸಂಜೆ ಎಂದು ಗೊತ್ತು ಮಾಡಿ. ಜನ ಮನೆ ಒರೆಸುವುದು, ಬೀರು ತೆಗೆಯುವುದು ವಾರದ ಕೊನೆಗೆ, ಹಾಗಾಗಿ ಭಾನುವಾರ ಸಂಜೆಯದ್ದು ತಪ್ಪಬಾರದು. ಇಬ್ಬರ ಹೆಸರು ಬರೆದಿಡಿ, ಒಬ್ಬರು ಊರಲ್ಲಿಲ್ಲ ಎಂದರೆ ಇನ್ನೊಬ್ಬರು. ಯುಗಾದಿ ಮತ್ತು ದೀಪಾವಳಿಯ ಹಿಂದಿನ ಎರಡು ವಾರ, ಪಿತೃಪಕ್ಷ, ಏಪ್ರಿಲ್–ಮೇನಲ್ಲಿ ಹಾಸ್ಟೆಲ್ ಖಾಲಿಯಾಗುವ ಸಮಯ, ಇವಿಷ್ಟರಲ್ಲಿ ದಿನ ಬಿಟ್ಟು ದಿನ ನೋಡಬೇಕು.

ವಿಂಗಡಣೆ ಪೆಟ್ಟಿಗೆಯ ಬಳಿ ಮಾಡಬೇಡಿ. ಬಟ್ಟೆ ರಸ್ತೆಗೆ ಕಂಡರೆ ಗುಂಪು ಸೇರುತ್ತದೆ. ಯಾರದೋ ಗ್ಯಾರೇಜಿನಲ್ಲೋ ಸಂಘದ ಕೋಣೆಯಲ್ಲೋ ಕೈಗವಸು, ಮಾಸ್ಕ್ ಹಾಕಿ ಮಾಡಿ. ಜೇಬು ನೋಡಲೇಬೇಕು. ದುಡ್ಡು, ಮಾತ್ರೆ, ಬ್ಲೇಡು, ಕೆಲವೊಮ್ಮೆ ಚಿನ್ನ ಕೂಡ ಇರುತ್ತದೆ. ಸಿಕ್ಕಿದ ಬೆಲೆಬಾಳುವ ವಸ್ತುವನ್ನು ಇಬ್ಬರ ಎದುರು ಪುಸ್ತಕದಲ್ಲಿ ಬರೆಯಿರಿ.

ರಾಶಿಗಳು ನಾಲ್ಕು. ಇದ್ದ ಹಾಗೇ ಕೊಡಬಹುದಾದ್ದು. ಗುಂಡಿ, ಜಿಪ್ ಹಾಕಿದರೆ ಆಗುವಂಥದ್ದು. ಹತ್ತಿ ಬಟ್ಟೆ, ಹರಿದಿದ್ದರೂ ಗ್ಯಾರೇಜಿನವರು ಎಣ್ಣೆ ಒರೆಸಲು ಕೇಳುತ್ತಾರೆ, ಹಳೆ ಸೀರೆ ಕೌದಿ ಹೊಲಿಯುವವರಿಗೆ ಆಗುತ್ತದೆ. ಕೊನೆಯದು ಯಾವುದಕ್ಕೂ ಬಾರದ್ದು: ಮುಗ್ಗಲು ಹಿಡಿದದ್ದು, ಹರಿದ ಪಾಲಿಸ್ಟರ್, ಒದ್ದೆಯಾದದ್ದು. ಕೊಡಬಹುದೇ ಬೇಡವೇ ಎಂಬ ಅನುಮಾನ ಬಂದರೆ ಒಂದೇ ಪರೀಕ್ಷೆ: ನಿಮ್ಮ ಮನೆಯವರ ಕೈಗೆ ಇದನ್ನು ಕೊಡುತ್ತೀರಾ? ತೀರಿಹೋದವರ ಬಟ್ಟೆ ಎಂದು ಹೇಳಿಯೇ ಕೊಡುವವರಿದ್ದಾರೆ. ಅದನ್ನು ಕೆಲವರು ತೆಗೆದುಕೊಳ್ಳುವುದಿಲ್ಲ. ಮರ್ಯಾದೆಯಿಂದ ಬೇರೆ ಕಟ್ಟಿ, ತೆಗೆದುಕೊಳ್ಳುವ ಸಂಸ್ಥೆಗೆ ವಿಷಯ ಹೇಳಿ ಕೊಡಿ.

ಒಂದು ನೋಟ್‌ಬುಕ್ ಇಡಿ. ದಿನಾಂಕ, ಎಷ್ಟು ಚೀಲ, ಎಲ್ಲಿಗೆ ಎಷ್ಟು ಹೋಯಿತು, ಎಷ್ಟು ಬಿಸಾಡಿದ್ದು. ಮೂರು ತಿಂಗಳಿಗೊಮ್ಮೆ ಇದರ ಒಂದು ಪುಟದ ಸಾರ ಆರೋಗ್ಯ ನಿರೀಕ್ಷಕರಿಗೆ ಕೊಟ್ಟರೆ ಅವರ ವರದಿಗೂ ಸೇರುತ್ತದೆ. ಅವರಿಗೆ ಉಪಯೋಗ ಆಯಿತು ಎಂದರೆ ನಿಮ್ಮ ಪೆಟ್ಟಿಗೆಗೆ ಕಚೇರಿಯಲ್ಲಿ ಒಬ್ಬ ಸ್ನೇಹಿತ ಸಿಕ್ಕ ಹಾಗೆ.

ಬೇರೆಯವರ ಪೆಟ್ಟಿಗೆ ನಿಮಗೆ ತೊಂದರೆ ಕೊಟ್ಟರೆ

ಹೆಸರಿಲ್ಲ, ಫೋನ್ ಇಲ್ಲ, ತಿಂಗಳಿಂದ ಯಾರೂ ಬಂದಿಲ್ಲ, ಸುತ್ತ ರಾಶಿ. ಇಂಥ ಪೆಟ್ಟಿಗೆ ನಿಮ್ಮ ಬೀದಿಯಲ್ಲಿದ್ದರೆ ನೀವೇ ಎತ್ತಿ ಹಾಕಬೇಡಿ, ಬೀಗ ಒಡೆಯಬೇಡಿ. ದಿನಾಂಕ ಬರುವ ಫೋಟೊ ತೆಗೆದು ವಲಯ ಕಚೇರಿಗೆ ಬರಹದಲ್ಲಿ ದೂರು ಕೊಡಿ. ಕೆಲಸ ಆಗದಿದ್ದರೆ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902 ಇದೆ. ದೂರಿನಲ್ಲಿ "ತೆಗೆಸಿ" ಎಂದಷ್ಟೇ ಬರೆಯದೆ "ಅನುಮತಿ ಇದೆಯೇ, ಇದ್ದರೆ ಹೊಣೆ ಯಾರದು" ಎಂದೂ ಕೇಳಿ.

ಪಾಲಿಕೆ ಒಟ್ಟಾರೆ ಇಂಥ ಪೆಟ್ಟಿಗೆಗಳನ್ನೇ ನಿಷೇಧಿಸಲಿ ಎಂದು ಸಿಟ್ಟಿನಲ್ಲಿ ಕೇಳುವವರಿದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಸೇಂಟ್ ಜಾನ್ಸ್ ಎಂಬ ಸಣ್ಣ ಊರು ಹೀಗೇ ಪೂರ್ತಿ ನಿಷೇಧ ಮಾಡಿತ್ತು. 2015ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ದಾನ ಕೇಳುವುದೂ ಮಾತಿನ ಸ್ವಾತಂತ್ರ್ಯವೇ ಎಂದು ಹೇಳಿ ಆ ನಿಷೇಧಕ್ಕೆ ಕೆಳ ನ್ಯಾಯಾಲಯ ಕೊಟ್ಟಿದ್ದ ತಡೆಯನ್ನು ಎತ್ತಿಹಿಡಿಯಿತು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ನಿಷೇಧ ಮಾಡಲಿಲ್ಲ. ಪರವಾನಗಿ, ಶುಚಿತ್ವ, ವಿಮೆ, ಎರಡು ಪೆಟ್ಟಿಗೆಗಳ ನಡುವೆ ಅಂತರ ಎಂದು ಷರತ್ತು ಹಾಕಿತು. ಒಂದು ಸಂಸ್ಥೆ ಅದನ್ನು ಪ್ರಶ್ನಿಸಿತು. 2017ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಆ ನಿಯಮಕ್ಕೆ ತಡೆ ಕೊಡಲು ಒಪ್ಪಲಿಲ್ಲ. ನಮ್ಮ ಕಾನೂನು ಬೇರೆ, ಅಲ್ಲಿನ ತೀರ್ಪು ಇಲ್ಲಿ ನಡೆಯುವುದಿಲ್ಲ. ಆದರೆ ವಾರ್ಡ್ ಸಭೆಯಲ್ಲಿ ನಿಯಮದ ಮಾತು ಬಂದಾಗ ಯಾವ ದಾರಿ ಕೆಲಸಕ್ಕೆ ಬರುತ್ತದೆ ಎಂದು ನೋಡಲು ಉದಾಹರಣೆ ಸಾಕು. ಹೆಸರು–ಫೋನ್ ಕಡ್ಡಾಯ, ಮಾಲೀಕರ ಒಪ್ಪಿಗೆ ಕಡ್ಡಾಯ, ವಾರಕ್ಕೆ ಇಷ್ಟು ಸಲ ಖಾಲಿ ಮಾಡಬೇಕು, ದೂರು ಬಂದ 48 ಗಂಟೆಯಲ್ಲಿ ಸರಿಪಡಿಸದಿದ್ದರೆ ತೆರವು. ನಾನಾದರೆ ಈ ನಾಲ್ಕನ್ನೇ ಕೇಳುತ್ತೇನೆ, ಐದನೆಯದು ಬೇಡ.

ತೆಗೆಯುವಾಗ

ಎರಡು ತಿಂಗಳು ಸತತವಾಗಿ ಅರ್ಧ ರಾಶಿ ಕಸವೇ ಬರುತ್ತಿದ್ದರೆ, ಅಥವಾ ಖಾಲಿ ಮಾಡುವವರು ಸಿಗದಿದ್ದರೆ, ಪೆಟ್ಟಿಗೆ ತೆಗೆಯಿರಿ. ಒಂದೇ ರಾತ್ರಿಯಲ್ಲಿ ಎತ್ತಿಬಿಟ್ಟರೆ ಜನ ಖಾಲಿ ಜಾಗಕ್ಕೇ ಚೀಲ ತಂದಿಡುತ್ತಾರೆ. ಮೊದಲು ಕಂಡಿಗೆ ತಗಡು ಹೊಡೆದು ಮುಚ್ಚಿ. "ಇಲ್ಲಿ ಬಟ್ಟೆ ತೆಗೆದುಕೊಳ್ಳುತ್ತಿಲ್ಲ, ಇನ್ನು ಮುಂದೆ ಇಲ್ಲಿಗೆ ಕೊಡಿ" ಎಂದು ಹತ್ತಿರದ ಕೇಂದ್ರದ ವಿಳಾಸ ಬರೆದು 15 ದಿನ ಹಾಗೇ ಬಿಡಿ. ಆಮೇಲೆ ಬೋಲ್ಟ್ ಬಿಚ್ಚಿ, ನೆಲದ ತೂತಿಗೆ ಸಿಮೆಂಟು ತುಂಬಿ, ಜಾಗದ ಫೋಟೊ ತೆಗೆದು, ತೆರವು ಮಾಡಿದ್ದೇವೆ ಎಂದು ಮಾಲೀಕರಿಗೂ ವಲಯ ಕಚೇರಿಗೂ ಒಂದೊಂದು ಪತ್ರ ಕೊಡಿ. ಅದರ ಸ್ವೀಕೃತಿಯನ್ನೂ ಅದೇ ಫೈಲಿಗೆ ಹಾಕಿ.